ಡಾಕ್ಟ್ರಮ್ಮ ಕಟ್ಟಿದ ಉಡುದಾರ

ಚನ್ನಪಟ್ಟಣದಲ್ಲಿ ಗಂಡಸರು ಹೊಟ್ಟೆಯನ್ನು ಒಳಗೆಳೆದುಕೊಂಡು ನಡೆಯುತ್ತಿದ್ದ ಬೀದಿ ಒಂದೇ ಒಂದಿತ್ತು. ಪೇಟೆಯಿಂದ ಬಸ್ ಸ್ಟ್ಯಾಂಡಿಗೆ ಒಳದಾರಿಯಾಗಿದ್ದ ಆ ಬೀದಿಯ ನಡುಮಧ್ಯೆ ನಮ್ಮ ಡಾಕ್ಟ್ರಮ್ಮನ ಕ್ಲಿನಿಕ್ಕು. ಬಾಗಿಲು ಸದಾ ತೆರೆದೇ ಇರುತ್ತಿತ್ತು. ಬಾಗಿಲಿಗೆ ಎದುರಾಗಿ ಅವರ ಕುರ್ಚಿ. ವಕೀಲರಾಗಲಿ, ರೇಷ್ಮೆಗೂಡು ಮಾರಿ ಹಿಂದಿರುಗುತ್ತಿದ್ದ ರೈತರಾಗಲಿ, ಸೈಟು ದಲ್ಲಾಳಿಗಳಾಗಲಿ, ಆ ಬಾಗಿಲು ಹತ್ತಿರವಾದಂತೆ ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆಯನ್ನು ಎಲ್ಲಿಗೋ ಅಡಗಿಸಿ, ಮುಖ ಕೆಂಪಗೆ ಮಾಡಿಕೊಂಡು ದಾಟುತ್ತಿದ್ದರು. ಬರೆಯುತ್ತಿದ್ದ ಚೀಟಿಯಿಂದ ತಲೆಯೆತ್ತದೆ ಡಾಕ್ಟ್ರಮ್ಮ ಒಳಗಿನಿಂದಲೇ ಕೂಗುತ್ತಿದ್ದರು: "ಉಸ್ರು ಬುಡಪ್ಪಾ, ನೋಡಿದ್ದಾಯ್ತು!"

ನಾನೂ ಹಾಗೆ ದಾಟಿದವನೇ. ಹೈಸ್ಕೂಲು ಮೇಷ್ಟ್ರಾದ ನನಗೆ ಬೀದಿಯಲ್ಲಿ ಆ ಕೂಗು ಕೇಳಿಸಿಕೊಳ್ಳುವುದೆಂದರೆ ಮಾನ ಹೋದ ಹಾಗೆ. ಎಷ್ಟೋ ದಿನ ಆ ಬೀದಿ ಬಿಟ್ಟು ಸುತ್ತು ಬಳಸಿ ಹೋಗುತ್ತಿದ್ದೆ. ಹಾಗೆ ಸುತ್ತು ಹಾಕಿದ್ದರಿಂದ ಒಸಿ ನಡೆದಂತಾಯಿತಲ್ಲ ಎಂದು ಆಮೇಲೆ ಅವರೇ ನಕ್ಕಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಅಂದಿನಿಂದ ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂರುತ್ತೇನೆ, ಏಳುತ್ತೇನೆ. ಅವರ ಹೆಸರನ್ನು ಬರೆಯುವುದಿಲ್ಲ. ಬರೆದರೂ ಊರಿನ ಮುಕ್ಕಾಲು ಪಾಲು ಜನಕ್ಕೆ ಅದು ಯಾರೆಂದು ತಿಳಿಯುವುದಿಲ್ಲ. ಎದುರಿಗೆ ಎಲ್ಲರಿಗೂ ಡಾಕ್ಟ್ರಮ್ಮ, ಬೆನ್ನ ಹಿಂದೆ ಉಡ್ದಾರದ ಡಾಕ್ಟ್ರಮ್ಮ.

ಗಿಡ್ಡ ಆಳು, ದುಂಡು ಮುಖ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಮಾಗಡಿ ಕಡೆಯ ಒಂದು ಹಳ್ಳಿಯವರು. ಹೊಲ ಇತ್ತು, ಅದಕ್ಕಿಂತ ಹೆಚ್ಚಾಗಿ ಕುರಿ ಇದ್ದವು. "ಕುರಿ ಹಿಂದೆ ತಿರುಗ್ತಾನೇ ಓದ್ದೋಳು ಕಣಪ್ಪ ನಾನು" ಎಂದು ಹೇಳಿಕೊಳ್ಳುವಾಗ ಅವರ ದನಿಯಲ್ಲಿ ಕಷ್ಟದ ಸದ್ದಿರಲಿಲ್ಲ, ಜಂಬದ ಸದ್ದಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಕನಕಪುರ, ಮಾಗಡಿ ಎಂದು ಸುತ್ತಿ ಕೊನೆಗೆ ನಮ್ಮೂರಲ್ಲಿ ನಿವೃತ್ತರಾಗಿ ಇಲ್ಲೇ ಕ್ಲಿನಿಕ್ಕು ತೆರೆದಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನನಗೆ ಗೊತ್ತಿದ್ದವರಲ್ಲಿ ಯಾರಿಗೂ ಇರಲಿಲ್ಲ.

ಅವರ ಕ್ಲಿನಿಕ್ಕಿನಲ್ಲಿ ಎಲ್ಲ ಕಡೆ ಇರುವ ತೂಕದ ಮೆಷೀನು ಇರಲಿಲ್ಲ. "ತೂಕ ಹೇಳೋದು ಮೂಟೆಗೆ. ಮನುಷ್ಯನ್ಗೆ ಅದೆಲ್ಲಿ ಕೂತೈತೆ ಅಂತ ಕೇಳ್ಬೇಕು" ಅನ್ನುತ್ತಿದ್ದರು. ಅದಕ್ಕೆ ಬದಲಾಗಿ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ. ಅದರ ತುಂಬ ಕಬ್ಬಾಳಮ್ಮನ ಗುಡಿ ಮುಂದಿನ ಅಂಗಡಿಗಳಲ್ಲಿ ಮಾರುವ ಕರಿ ದಾರ.

ನಮ್ಮ ಕಡೆಯ ಗಂಡಸರಿಗೆ ಉಡುದಾರವಿಲ್ಲದ ಸೊಂಟ ಸೊಂಟವೇ ಅಲ್ಲ. ಕೂಸಾಗಿದ್ದಾಗ ಕಟ್ಟಿದರೆಂದರೆ ಅದು ಪ್ರಾಣ ಹೋದ ಮೇಲೆ ಬೇರೆಯವರು ಕಿತ್ತು ಹಾಕುವವರೆಗೂ ಇರಬೇಕು. ಹಳತಾದರೆ ನಮ್ಮ ಮನೆಗಳಲ್ಲಿ ಯುಗಾದಿಯ ದಿನ ಎಣ್ಣೆನೀರು ಹಾಕಿಕೊಂಡು ಮೊದಲು ಹೊಸದನ್ನು ಕಟ್ಟಿ, ಆಮೇಲೆ ಹಳೆಯದನ್ನು ಕತ್ತರಿಸುತ್ತೇವೆ. ಒಂದು ಗಳಿಗೆಯೂ ಬರಿ ಸೊಂಟ ಇರಕೂಡದು. ಎಡವಟ್ಟು ಆಗುವುದು ಅಲ್ಲಿಯೇ. ಹಳೆಯದು ಬಿಗಿಯಾಗಿ ಕಚ್ಚುತ್ತಿದ್ದರೆ ಹೊಸದನ್ನು ಒಂದು ಬೆರಳು ಸಡಿಲವಾಗಿ ಕಟ್ಟಿಕೊಂಡು ಹಬ್ಬದ ಊಟಕ್ಕೆ ಕೂರುತ್ತೇವೆ. ಹಳೆಯದನ್ನು ಹೊಸದರ ಪಕ್ಕ ಹಿಡಿದು ನೋಡಿದವನನ್ನು ನಾನಂತೂ ಕಾಣೆ. ಜೊತೆಗೆ ಹೊಟ್ಟೆ ಮುಂದಕ್ಕೆ ಬಂದಷ್ಟೂ ದಾರ ಕೆಳಕ್ಕೆ ಸರಿದು ಹೊಟ್ಟೆಯ ಅಡಿಗೆ ಸೇರಿಬಿಡುತ್ತದೆ. ಪ್ಯಾಂಟೂ ಅಲ್ಲೇ, ಪಂಚೆಯೂ ಅಲ್ಲೇ. ಹಾಗಾಗಿ ಮದುವೆಯ ಕಾಲದ ಪ್ಯಾಂಟು ಈಗಲೂ ಆಗುತ್ತದೆ ಎಂದು ಮೀಸೆ ತಿರುವುವವರು ನಮ್ಮಲ್ಲಿ ಬೇಕಾದಷ್ಟು.

"ವರ್ಷ ವರ್ಷ ಸಾಕ್ಷೀನ ಕತ್ರಿಸಿ ಬಿಸಾಕ್ತೀರಲ್ಲ, ಕಳ್ಳ ಹೆಂಗಪ್ಪ ಸಿಕ್ತಾನೆ?" ಎಂದು ಡಾಕ್ಟ್ರಮ್ಮ ಕೇಳುತ್ತಿದ್ದರು.

ಅವರ ಪರೀಕ್ಷೆ ಹೀಗಿರುತ್ತಿತ್ತು. ಗಂಡಸಿನ ಉಡುದಾರ ಎಷ್ಟು ಉದ್ದವೋ ಅಷ್ಟೇ ಉದ್ದಕ್ಕೆ ಡಬ್ಬಿಯ ದಾರ ಕತ್ತರಿಸುವುದು. ಅದನ್ನು ಹೊಕ್ಕುಳ ಮಟ್ಟಕ್ಕೆ ಸುತ್ತುವುದು. ಎರಡು ತುದಿ ಕೂಡಿದರೆ "ಹೋಗ್ ಬಾ". ಕೂಡದಿದ್ದರೆ ನಡುವೆ ಎಷ್ಟು ಬೆರಳು ಜಾಗ ಉಳಿಯಿತು ಎಂದು ನೋಡುವುದು. ದಾರ ಸುತ್ತುವಾಗ ಎಂಥ ಪ್ರಾಮಾಣಿಕನೂ ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಿದ್ದ. ಡಾಕ್ಟ್ರಮ್ಮ ದಾರ ಹಿಡಿದ ಕೈ ಅಲ್ಲಾಡಿಸದೆ, ಗೋಡೆ ನೋಡುತ್ತಾ, "ಉಸ್ರು ಬುಡಪ್ಪಾ, ನಂಗೇನ್ ಅವಸ್ರ ಇಲ್ಲ" ಎಂದು ಕಾಯುತ್ತಿದ್ದರು. ಅವನು ಎಷ್ಟು ಹೊತ್ತು ತಾನೇ ಹಿಡಿದಾನು? ಬಿಟ್ಟ ತಕ್ಷಣ ಹೊಟ್ಟೆ ದಾರವನ್ನು ತಳ್ಳಿಕೊಂಡು ಮುಂದೆ ಬರುತ್ತಿತ್ತು. ಬೆಂಚಿನ ಮೇಲೆ ಕೂತವರು ನಗು ತಡೆಯಲಾರದೆ ಕೆಮ್ಮುತ್ತಿದ್ದರು.

ನಾನೂ ಅಲ್ಲಿಗೆ ಹೋಗಿ ಬರತೊಡಗಿದ ಮೇಲೆ ಒಂದು ಸಲ ವಿರೂಪಾಕ್ಷಿಪುರದ ಕಡೆಯ ಯಜಮಾನರೊಬ್ಬರು ಈ ಅಳತೆಗೆ ಒಪ್ಪಲೇ ಇಲ್ಲ. ಹೊಟ್ಟೆಯ ಮೇಲೆ ತಾವೇ ಗುದ್ದಿ ತೋರಿಸಿದರು. "ಇದು ಕೊಬ್ಬಲ್ಲ ಡಾಕ್ಟ್ರಮ್ಮ. ಮುಟ್ಟಿ ನೋಡಿ, ಕಲ್ಲಿದ್ದಂಗೈತೆ. ಗಟ್ಟಿ ಕಾಯ."

"ಅದ್ಕೇ ಭಯ ಕಣಪ್ಪ" ಅಂದರು ಡಾಕ್ಟ್ರಮ್ಮ. "ಚಿವುಟುದ್ರೆ ಕೈಗೆ ಸಿಗೋ ಕೊಬ್ಬು ಪಾಪ ಚರ್ಮದ್ ಕೆಳಗೆ ತನ್ ಪಾಡಿಗೆ ಕೂತಿರ್ತದೆ. ಸಿಗದೇ ಇರೋದೇ ಕಳ್ಳಂದು. ಒಳಗೆ ಲಿವರ್ ಸುತ್ತ, ಕರುಳಿನ್ ಸುತ್ತ ಕೂತ್ಕೊಂಡು ಹೊಟ್ಟೇನ ಒಳಗಿಂದ ತಳ್ತದೆ. ಗಟ್ಟಿ ಇರ್ದೆ ಇನ್ನೇನಾಗ್ತದೆ?"

ಯಜಮಾನರು ನಂಬದ ಮುಖ ಮಾಡಿದರು. ಡಾಕ್ಟ್ರಮ್ಮ ಕನ್ನಡಕ ತೆಗೆದು ಕುರಿಯ ಮಾತಿಗೆ ಬಂದರು. ಹಬ್ಬದಲ್ಲಿ ಕುರಿ ಕುಯ್ದು ಗುಡ್ಡೆ ಬಾಡು, ಅಂದರೆ ಮಾಂಸದ ಗುಡ್ಡೆಗಳನ್ನು, ಪಾಲು ಹಾಕುವುದನ್ನು ನೋಡಿ ಬೆಳೆದ ಜನಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲವೆಂದು ಅವರಿಗೆ ಗೊತ್ತಿತ್ತು. "ಬಯಲಲ್ಲಿ ಮೇಯೋ ಕುರಿ ಕುಯ್ದಾಗ ನೋಡಿದ್ದೀಯಲ್ಲ. ಒಳಗೆ ಎಲ್ಲ ಬಿಡಿಬಿಡಿಯಾಗಿ ಕಾಣುಸ್ತೈತೆ. ಅದೇ ಕಟ್ಟಾಕಿ ಮೇಯ್ಸಿದ್ ಟಗರು? ಕರುಳು ಎಲ್ಲೈತೆ ಅಂತ ಹುಡುಕ್ಬೇಕು. ಬೆಳ್ಳಗೆ ಬಲೆ ಹೊದ್ದುಸ್ದಂಗೆ. ಹೊರಗಿಂದ ಮಾತ್ರ ಟಗರು ಭಾರಿ ಗತ್ತು. ನೀನು ಕಟ್ಟಾಕಿರೋ ಟಗರು ಕಣಪ್ಪ. ಹಗ್ಗ ಯಾರೂ ಕಟ್ಟಿಲ್ಲ, ನೀನೇ ಕಟ್ಕಂಡಿದ್ದೀಯ."

ಯಜಮಾನರು ಸಿಟ್ಟಾಗುತ್ತಾರೆಂದು ನಾವು ಕಾದೆವು. ಅವರು ಒಂದು ನಿಮಿಷ ತಮ್ಮ ಹೊಟ್ಟೆಯನ್ನೇ ನೋಡಿಕೊಂಡು, "ಹಂಗಾದ್ರೆ ಬುಟ್ಟು ಮೇಯ್ಬೇಕು ಅನ್ನಿ" ಅಂದರು. ಆವತ್ತು ಡಾಕ್ಟ್ರಮ್ಮ ನಕ್ಕಷ್ಟು ಜೋರಾಗಿ ನಕ್ಕಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ಎಲ್ಲರೂ ಹೀಗೆ ನಗುನಗುತ್ತಾ ಒಪ್ಪಿಕೊಂಡರು ಎಂದರೆ ಸುಳ್ಳಾಗುತ್ತದೆ. ಡಾಕ್ಟ್ರಮ್ಮನ ಬಾಯಿ ಕೆಟ್ಟದ್ದು. ಸಮಯ ಸಂದರ್ಭ ನೋಡುತ್ತಿರಲಿಲ್ಲ. ವಕೀಲರೊಬ್ಬರಿಗೆ ಅವರ ಬೀಗರ ಎದುರಿಗೇ ಬೈದಿದ್ದಕ್ಕೆ ಅವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅದು ತಪ್ಪೇ. ಹೊಸದಾಗಿ ಮದುವೆಯಾದ ಕಬ್ಬಾಳಿನ ಹುಡುಗನೊಬ್ಬನಿಗೆ "ಹೆಂಡ್ತಿ ಕೈ ರುಚಿ ಹೊಟ್ಟೇಲಿ ಕಾಣ್ತೈತೆ" ಅಂದಿದ್ದಕ್ಕೆ ಅವನ ತಾಯಿ ಮರುದಿನ ಬಂದು ಬಾಗಿಲಲ್ಲೇ ನಿಂತು ಜಗಳ ತೆಗೆದಿದ್ದರು. ಮೈ ಕೈ ತುಂಬಿಕೊಂಡ ಮಗನ ಹೊಟ್ಟೆಯ ಮಾತೆತ್ತಿದರೆ ದೃಷ್ಟಿಯಾಗುತ್ತದೆ ಎಂಬುದು ಆಕೆಯ ಸಂಕಟ.

"ನಿಮ್ ಕಣ್ಣು ಬಿದ್ದೇ ನನ್ ಮಗ ರಾತ್ರಿ ಉಣ್ನಿಲ್ಲ!"

"ಒಂದ್ ರಾತ್ರಿ ಉಣ್ನಿಲ್ವಾ? ನನ್ ಕಣ್ಣು ಪರವಾಗಿಲ್ವಲ್ಲ" ಅಂದರು ಡಾಕ್ಟ್ರಮ್ಮ. ಆಮೇಲೆ ಎದ್ದು ಬಂದು ಆಕೆಯನ್ನು ಒಳಗೆ ಕರೆದು ಕೂರಿಸಿ, ಮೆಲ್ಲಗೆ, "ದೃಷ್ಟಿ ತೆಗಿಯವ್ವ, ನಾನ್ ಬ್ಯಾಡ ಅನ್ನಕಿಲ್ಲ. ತೆಗೆದ ಮೇಲೆ ದಿನಾ ಒಸಿ ಹೊಲದ್ ತಂಕ ನಡೆಸ್ಕೊಂಡ್ ಹೋಗು" ಅಂದರು. ಆ ತಾಯಿ ಆಮೇಲೆ ಹೊಲದ ಅವರೆಕಾಯಿ ತಂದು ಕೊಡುವಷ್ಟು ಹತ್ತಿರವಾದರು.

ಇನ್ನು ನನ್ನ ಕಥೆ. ಅದನ್ನು ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ನನಗಿರುವುದು ಒಬ್ಬಳೇ ತಂಗಿ. ಕನಕಪುರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಅವಳಿಗೆ ಲಿವರ್ ಕಾಯಿಲೆ ಬಂತು. ಮೈಯೇ ತನ್ನ ಲಿವರ್ ಮೇಲೆ ತಿರುಗಿ ಬೀಳುವಂಥ ಕಾಯಿಲೆಯಂತೆ. ಕಣ್ಣು ಹಳದಿಯಾಗಿ, ಕಾಲು ಊದಿ, ಕೈಗಳೆಲ್ಲ ಕಡ್ಡಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ, ಹೊಸ ಲಿವರ್ ಹಾಕುವುದೊಂದೇ ದಾರಿ, ಹತ್ತಿರದ ಸಂಬಂಧಿಕರು ತಮ್ಮದರಲ್ಲಿ ಒಂದು ಭಾಗ ಕೊಡಬಹುದು, ಕೊಟ್ಟವರಿಗೆ ಅದು ಮತ್ತೆ ಬೆಳೆಯುತ್ತದೆ ಅಂದರು. ಅವಳ ಗಂಡನ ರಕ್ತದ ಗುಂಪು ಹೊಂದಲಿಲ್ಲ. ಅವ್ವನಿಗೆ ವಯಸ್ಸಾಗಿತ್ತು. ನನ್ನದು ಹೊಂದಿತು. ನನಗೆ ಹೆದರಿಕೆಗಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಕುಡಿಯುವವನಲ್ಲ, ಸೇದುವವನಲ್ಲ, ನನ್ನ ಲಿವರ್ ಅಂದರೆ ಚಿನ್ನ ಎಂದು ಎಲ್ಲರ ಮುಂದೆ ಹೇಳಿಕೊಂಡೆ.

ಸ್ಕ್ಯಾನ್ ಆದ ಮೇಲೆ ಅಲ್ಲಿನ ಡಾಕ್ಟರು ಬೇಡ ಅಂದುಬಿಟ್ಟರು. ನನ್ನ ಲಿವರ್‌ನಲ್ಲಿ ಕೊಬ್ಬು ತುಂಬಿದೆ, ಹೊಟ್ಟೆಯೊಳಗೂ ಬಹಳ ಕೊಬ್ಬಿದೆ. ಅಂಥ ಲಿವರ್ ಕತ್ತರಿಸಿದರೆ ನನಗೂ ಅಪಾಯ, ಹಾಕಿಸಿಕೊಂಡ ಅವಳಿಗೂ ಅದು ಕೆಲಸ ಮಾಡುವ ಭರವಸೆ ಇಲ್ಲ. ಎರಡು ಮೂರು ತಿಂಗಳಲ್ಲಿ ಕರಗಿಸಿಕೊಂಡು ಬಂದರೆ ಮತ್ತೆ ನೋಡೋಣ, ಅದಕ್ಕಿಂತ ಹೆಚ್ಚು ಕಾಯುವ ಸ್ಥಿತಿಯಲ್ಲಿ ನಿಮ್ಮ ತಂಗಿ ಇಲ್ಲ ಅಂದರು.

ನನ್ನ ಕೈಕಾಲು ಸಣ್ಣ, ಭುಜ ಸಣ್ಣ. ಯಾರೂ ನನ್ನನ್ನು ದಪ್ಪ ಎಂದವರಿಲ್ಲ. ಇದ್ದದ್ದು ಒಂದು ಹೊಟ್ಟೆ. ಅದಕ್ಕೂ ನೆಂಟರು "ಮೇಷ್ಟ್ರಿಗೆ ಈಗ ಒಂದ್ ಕಳೆ ಬಂದೈತೆ" ಎನ್ನುತ್ತಿದ್ದರು. ಕೆಂಡಾಮಂಡಲ ಕೋಪದಲ್ಲಿ, ಆ ಸ್ಕ್ಯಾನೇ ಸುಳ್ಳು ಎಂದು ಹೇಳಿಸಲು, ಅಷ್ಟು ವರ್ಷ ತಪ್ಪಿಸಿಕೊಂಡಿದ್ದ ಕ್ಲಿನಿಕ್ಕಿಗೆ ನಾನೇ ನುಗ್ಗಿದೆ.

ಡಾಕ್ಟ್ರಮ್ಮ ಕಾಗದಗಳನ್ನೆಲ್ಲ ಓದಿದರು. ಸ್ಕ್ಯಾನು ಸರಿಯೋ ತಪ್ಪೋ ಎಂದು ಹೇಳಲಿಲ್ಲ. "ಅಂಗಿ ಎತ್ತಪ್ಪ, ಉಡ್ದಾರ ನೋಡವ" ಅಂದರು. ನನ್ನ ಉಡುದಾರದ ಅಳತೆಗೆ ದಾರ ಕತ್ತರಿಸಿ ಹೊಕ್ಕುಳ ಮೇಲೆ ತಂದರು. ನಾನು ಉಸಿರು ಹಿಡಿದೆ. ಅವರು ಕಾದರು. ಆ ದಿನ ಅವರು ಗೋಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. "ಉಸ್ರು ಬುಡಪ್ಪಾ. ನನ್ ಮುಂದೆ ಹಿಡಿದ್ರೆ ಸ್ಕ್ಯಾನಿಂಗ್ ಒಳಗೆ ಹಿಡಿಯಕಾಯ್ತದಾ?" ಅಂದರು. ಬಿಟ್ಟೆ. ದಾರದ ಎರಡು ತುದಿಗಳ ನಡುವೆ ಅವರ ನಾಲ್ಕು ಬೆರಳು ಅಡ್ಡಡ್ಡ ಹಿಡಿಸಿದವು.

"ಈ ನಾಲ್ಕ್ ಬೆರಳು ನೋಡ್ಕೊ. ನಿಂಗೂ ನಿನ್ ತಂಗಿಗೂ ಮಧ್ಯೆ ಅಡ್ಡ ನಿಂತಿರೋದು ಇಷ್ಟೇಯ."

ನನಗೆ ಅಳು ಬಂತು. ಹೆಂಗಸರು ಮಕ್ಕಳು ಕೂತಿದ್ದ ಬೆಂಚಿನ ಮುಂದೆ ಅಂಗಿ ಎತ್ತಿಕೊಂಡು ನಿಂತೇ ಅತ್ತೆ. ಡಾಕ್ಟ್ರಮ್ಮ ಅದೇ ದಾರವನ್ನು ನನ್ನ ಸೊಂಟಕ್ಕೆ, ಹಳೆಯ ಉಡುದಾರದ ಪಕ್ಕದಲ್ಲಿ ಕಟ್ಟಿ, ಬಿಚ್ಚಲಾಗದಂತೆ ಗಂಟಿನ ಮೇಲೆ ಗಂಟು ಹಾಕಿ, ಹಳೆಯದನ್ನು ಕತ್ತರಿಸಿದರು. "ದಿನಾ ಸ್ನಾನ ಮಾಡಿ ಇದನ್ನ ಮೇಲಕ್ಕೆ ಹತ್ತುಸ್ ನೋಡು. ಎಲ್ಲಿ ತಂಕ ಹತ್ತುತ್ತೋ ಹತ್ಲಿ. ಹೊಕ್ಕುಳ ಮುಟ್ಟಿದ್ ದಿನ ನನ್ ತಾವ ಬಾ. ಒಂದ್ ಒಳ್ಳೆ ಸುದ್ದಿ ಹೇಳ್ತೀನಿ ಕೇಳು. ಈ ಒಳಗಿನ್ ಕೊಬ್ಬು ಐತಲ್ಲ, ನೀನ್ ಮೈ ಬಗ್ಗಿಸ್ತಿದ್ದಂಗೆ ಎಲ್ರುಕಿಂತ ಮೊದ್ಲು ಚೀಲ ಕಟ್ಟೋ ನೆಂಟ ಅದೇ."

ಬೆಳಗಿನ ಹೊತ್ತು ಚನ್ನಪಟ್ಟಣದಿಂದ ಕೆಂಗಲ್ ಆಂಜನೇಯನ ಗುಡಿಯವರೆಗೆ ನಡೆದು ಹೋಗಿ ಬಸ್ಸಿನಲ್ಲಿ ವಾಪಸ್ ಬರಬೇಕು. ಸಕ್ಕರೆ, ಎಣ್ಣೆ ತಿಂಡಿ, ಬೇಕರಿ ಬಂದ್. ಒಂದು ಮುದ್ದೆ, ತಟ್ಟೆ ತುಂಬ ಸೊಪ್ಪು ಕಾಳಿನ ಸಾರು. ಇಷ್ಟು ಹೇಳುವುದು ಸುಲಭ. ಆದರೆ ನಮ್ಮ ಜನರ ನಡುವೆ ಒಬ್ಬ ಗಂಡಸು "ಸಾಕು" ಎಂದು ಎಲೆ ಮುಂದಿನಿಂದ ಏಳುವುದಿದೆಯಲ್ಲ, ಅದು ಆಗದ ಕೆಲಸ. ಮೊದಲ ವಾರದಲ್ಲೇ ಒಂದು ಬೀಗರೂಟದಲ್ಲಿ ನಾನು ಡಯಟ್ ಅಂದದ್ದಕ್ಕೆ ನಮ್ಮ ಸೋದರಮಾವ ಎದ್ದು ಬಂದು ತಮ್ಮ ಕೈಯಾರೆ ನನ್ನ ಎಲೆಗೆ ಬಾಡು ಸುರಿದು, "ಉಣ್ಲಾ, ನಮ್ ಮನೇಲಿ ಡಯಟ್ಟಾ ಪಯಟ್ಟಾ!" ಎಂದು ತಲೆಯ ಮೇಲೆ ನಿಂತರು. ಉಂಡೆ. ಮರುದಿನ ದಾರ ಹತ್ತಲಿಲ್ಲ. ಡಾಕ್ಟ್ರಮ್ಮನ ಬಳಿ ಹೋಗಿ ನನ್ನ ಕೈಲಾಗುವುದಿಲ್ಲ ಅಂದೆ.

ಅವರು ಬೈಯುತ್ತಾರೆಂದುಕೊಂಡಿದ್ದೆ. "ಡಯಟ್ ಅಂತ ಯಾಕಂದೆ? ಆ ಪದ ಕೇಳುದ್ರೇ ನಮ್ಮೋರಿಗೆ ಬಡ್ಸೋ ಚಟ ಹತ್ತುತ್ತೆ. ಹರಕೆ ಅನ್ನು."

"ಸುಳ್ಳಾಯ್ತದಲ್ಲ ಡಾಕ್ಟ್ರಮ್ಮ."

"ಯಾವ್ದಪ್ಪ ಸುಳ್ಳು? ಒಡಹುಟ್ಟಿದ ತಂಗಿ ಉಳೀಲಿ ಅಂತ ಬಾಯಿ ಕಟ್ಟಿ, ದಿನಾ ಗುಡಿ ತಂಕ ನಡೆಯೋದು ಹರಕೆ ಅಲ್ದೆ ಇನ್ನೇನು?"

ಅವರು ದೇವರು ದಿಂಡರಿಗೆ ಹೆಚ್ಚು ಹೋಗುವವರಲ್ಲ. ಆದರೆ ನಮ್ಮ ಜನರನ್ನು ಅವರಷ್ಟು ತಿಳಿದವರನ್ನು ನಾನು ಕಾಣೆ. ಹರಕೆ ಎಂಬ ಒಂದು ಮಾತು ಹೊರಬಿದ್ದದ್ದೇ ತಡ, ಒತ್ತಾಯ ಮಾಡುತ್ತಿದ್ದ ಕೈಗಳೆಲ್ಲ ಹಿಂದೆ ಸರಿದವು. ಅದೇ ಸೋದರಮಾವ ಇನ್ನೊಂದು ಊಟದಲ್ಲಿ ನನ್ನ ಎಲೆಗೆ ಕೈ ಅಡ್ಡ ಹಿಡಿದು, "ಮೇಷ್ಟ್ರಿಗೆ ಬಡುಸ್ಬ್ಯಾಡ್ರಲಾ, ತಂಗಿ ಹರಕೆ ಐತೆ" ಎಂದು ಕಾವಲು ನಿಂತರು. ಟೀ ಅಂಗಡಿಯವನು ನನ್ನ ಟೀಗೆ ಸಕ್ಕರೆ ಹಾಕುವುದನ್ನು ಬಿಟ್ಟ. ಸ್ಟಾಫ್ ರೂಮಿನಲ್ಲಿ ಹುಟ್ಟುಹಬ್ಬದ ಕೇಕು ನನ್ನನ್ನು ದಾಟಿ ಹೋಗತೊಡಗಿತು. ಬೆಳಿಗ್ಗೆ ರಸ್ತೆಯಲ್ಲಿ ನಡೆಯುವಾಗ ಬೈಕು ನಿಲ್ಲಿಸಿ "ಬನ್ನಿ ಸಾ, ಬುಡ್ತೀನಿ" ಅನ್ನುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳೂ ಕೈ ಮುಗಿದು ಮುಂದೆ ಹೋಗುತ್ತಿದ್ದರು.

ಒಂದು ಭಾನುವಾರ ಡಾಕ್ಟ್ರಮ್ಮ ತಾವೂ ನಡೆಯಲು ಬಂದರು. ಅರ್ಧ ದಾರಿಗೆ ಅವರಿಗೆ ಏದುಸಿರು ಬಂತು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ಅವರಿಗೂ ಸೀರೆಯೊಳಗೆ ಒಳ್ಳೆಯ ಹೊಟ್ಟೆಯೇ ಇತ್ತು. ಅದು ಎಲ್ಲರಿಗೂ ಗೊತ್ತಿತ್ತು, ಹೇಳುವವರಿರಲಿಲ್ಲ. ಸಲುಗೆಯಿಂದ ಕೇಳಿಬಿಟ್ಟೆ. "ನಿಮ್ದು ಎಷ್ಟ್ ಬೆರಳು ಡಾಕ್ಟ್ರಮ್ಮ?"

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಹೆಂಗುಸ್ರಿಗೆ ಉಡ್ದಾರ ಇಲ್ವಲ್ಲಪ್ಪ. ಸೀರೆಗೆ ಅಳತೇನೂ ಇಲ್ಲ, ಎಷ್ಟ್ ದಪ್ಪ ಆದ್ರೂ ಸುತ್ಕೊಂಡ್ ಹೋಗ್ತದೆ. ಅದುಕ್ಕೇ ನಾವು ನಿಮ್ಗಿಂತ ಜಾಸ್ತಿ ಮೋಸ ಹೋಯ್ತೀವಿ. ನಾನೂ ಹೋಗಿವ್ನಿ. ಬೆಳಗಿಂದ ಸಂಜೆ ಗಂಟ ಒಂದೇ ಕುರ್ಚೀಲಿ ಕೂತು ಊರ್‌ನೋರಿಗೆಲ್ಲ ನಡೀರಿ ಅಂತೀನಿ ನೋಡು" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಮುಂದಿನ ಭಾನುವಾರವೂ ಬನ್ನಿ ಎಂದೆ. ಬರುತ್ತೇನೆಂದರು. ಕ್ಲಿನಿಕ್ಕಿನ ಮುಂದೆ ಜನ ಕೂತಿರುತ್ತಿದ್ದರು, ಬರಲಾಗಲಿಲ್ಲ.

ದಾರ ಹತ್ತುತ್ತಿತ್ತು. ಒಂದೊಂದು ದಿನ ಮುನಿಸಿಕೊಂಡು ಅಲ್ಲೇ ನಿಲ್ಲುತ್ತಿತ್ತು. ಅತ್ತ ತಂಗಿಯ ಹೊಟ್ಟೆಯ ನೀರನ್ನು ಪದೇ ಪದೇ ತೆಗೆಸಬೇಕಾಗುತ್ತಿತ್ತು. ಅವಳು ಫೋನಿನಲ್ಲಿ "ಅಣ್ಣ, ಆಗ್ದಿದ್ರೆ ಬುಡಣ್ಣ, ಮೈಗೆ ಹಿಂಸೆ ಮಾಡ್ಕಬ್ಯಾಡ" ಎಂದಾಗಲೆಲ್ಲ ನಾನು ಆ ಸಂಜೆಯೂ ಇನ್ನೊಂದು ಸುತ್ತು ನಡೆದು ಬರುತ್ತಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ದಾರ ಎಲ್ಲಿಯೂ ತಡೆಯದೆ ಮೇಲೆ ಬಂದು ಹೊಕ್ಕುಳ ಮೇಲೆ ಕೂತಿತು. ನಾನು ಕೂಗಿದ ಕೂಗಿಗೆ ನಾನು ಜಾರಿ ಬಿದ್ದೆನೆಂದು ಹೆಂಡತಿ ಬಾಗಿಲು ಬಡಿದಳು.

ಕ್ಲಿನಿಕ್ಕಿನಲ್ಲಿ ಡಾಕ್ಟ್ರಮ್ಮ ದಾರದೊಳಗೆ ಬೆರಳು ತೂರಿಸಿ ನೋಡಿದರು. "ಉಸ್ರು ಹಿಡಿದಿಲ್ಲ ತಾನೇ?" ಅಂದರು. ಇಲ್ಲವೆಂದೆ. "ಹಂಗಾದ್ರೆ ನಡಿ, ಸ್ಕ್ಯಾನ್ ಮಾಡ್ಸು." ದಾರ ಹೇಳಿದ್ದನ್ನೇ ಸ್ಕ್ಯಾನೂ ಹೇಳಿತು. ಆಪರೇಷನ್ನಿಗೆ ದಿನ ಗೊತ್ತಾಯಿತು.

ಆಪರೇಷನ್ನಿನ ಹಿಂದಿನ ದಿನ ಒಂದು ಕಗ್ಗಂಟಾಯಿತು. ಮೈ ಮೇಲೆ ದಾರ, ಒಡವೆ ಏನೂ ಇರಬಾರದು ಎಂದು ನರ್ಸು ಕತ್ತರಿ ಹಿಡಿದು ಬಂದಾಗ ಅವ್ವ ಅಡ್ಡ ನಿಂತರು. "ಉಡ್ದಾರ ಇಲ್ದೆ ಮನಗ್ಸೋದು ಹೆಣಾನ! ನನ್ ಮಗನ್ ಸೊಂಟುಕ್ಕೆ ಕತ್ರಿ ಇಕ್ಕಬ್ಯಾಡಿ!" ಎಂದು ಗೋಳಾಡಿದರು. ಒಂದು ಕಡೆ ಮಗಳು, ಇನ್ನೊಂದು ಕಡೆ ಮಗ, ಇಬ್ಬರೂ ನಾಳೆ ಕತ್ತಿಯ ಕೆಳಗೆ. ಅವರ ಭಯ ನನಗೂ ಹತ್ತಿಕೊಂಡಿತು. ಸುಳ್ಳೇಕೆ, ನಾನೂ ಎರಡು ಕೈಯಲ್ಲಿ ದಾರ ಹಿಡಿದುಕೊಂಡು ಕೂತಿದ್ದೆ.

ಯಾರು ಫೋನ್ ಮಾಡಿದರೋ, ಮಧ್ಯಾಹ್ನದ ಹೊತ್ತಿಗೆ ಡಾಕ್ಟ್ರಮ್ಮ ಕೈಚೀಲ ಹಿಡಿದು ಬಂದರು. ಕ್ಲಿನಿಕ್ಕು ಮುಚ್ಚಿ, ಬಸ್ಸಿನಲ್ಲಿ ಬಂದಿದ್ದರು. ಅವ್ವನ ಜೊತೆ ವಾದ ಮಾಡಲಿಲ್ಲ. ಅವ್ವನ ಬಲಗೈ ಹಿಡಿದು ನನ್ನ ಸೊಂಟದ ಹತ್ತಿರ ತಂದರು. ದಾರ ಕತ್ತರಿಸಿದರು, ಕತ್ತರಿಸಿದ ಕೈಯಲ್ಲೇ ಅದನ್ನು ಎಳೆದು ಅವ್ವನ ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದರು.

"ಕೂಸಾಗಿದ್ದಾಗ ನೀನೇ ತಾನೇ ಕಟ್ಟಿದ್ದು? ಎದ್ ಬರೋಗಂಟ ನಿನ್ ತಾವ್ಲೇ ಇರ್ಲಿ. ಎದ್ದ್ ಮೇಲೆ ನೀನೇ ಕಟ್ಟವ್ವ."

ಅವ್ವ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಕೂತರು. ಮರುದಿನವೆಲ್ಲ ಹಾಗೆಯೇ ಕೂತಿದ್ದರಂತೆ, ಡಾಕ್ಟ್ರಮ್ಮ ಪಕ್ಕದಲ್ಲೇ.

ತಂಗಿ ಉಳಿದಳು. ನಿಧಾನವಾಗಿ ಕಣ್ಣಿನ ಹಳದಿ ಹೋಯಿತು, ಕಾಲಿನ ಊತ ಇಳಿಯಿತು. ಈಗ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೀಳುತ್ತಾಳೆ, ನನಗೆ ಫೋನು ಮಾಡಿ ಜಗಳವಾಡುತ್ತಾಳೆ. ನನ್ನ ಗಾಯ ಮಾಗಿದ ಮೇಲೆ ಅವ್ವ ತಮ್ಮ ಕೈಯಿಂದ ಬಿಚ್ಚಿ ಅದೇ ದಾರವನ್ನು ಕಟ್ಟಿದರು. ಕತ್ತರಿಸಿದ್ದರಿಂದ ಅದು ಮೊದಲಿಗಿಂತ ಒಂದು ಬೆರಳು ಗಿಡ್ಡವಾಗಿತ್ತು. ಹೇಗೋ ಸಾಲಿತು. ಯುಗಾದಿಗೆ ನಾನದನ್ನು ಬದಲಾಯಿಸುವುದಿಲ್ಲ, ಮನೆಯಲ್ಲಿ ಯಾರೂ ಕೇಳುವುದೂ ಇಲ್ಲ.

ಡಾಕ್ಟ್ರಮ್ಮ ಹೋದದ್ದು ಹೃದಯ ನಿಂತು. ಕ್ಲಿನಿಕ್ಕಿನಲ್ಲಿ, ಅದೇ ಕುರ್ಚಿಯಲ್ಲಿ. ನನಗೆ ಅವರ ಮೇಲೆ ಸಿಟ್ಟು ಬಂತು. ಈಗಲೂ ಇದೆ. ಅಷ್ಟು ಜನರನ್ನು ಹಗ್ಗ ಬಿಚ್ಚಿ ಓಡಿಸಿದವರು ತಮ್ಮ ಹಗ್ಗ ಬಿಚ್ಚಿಕೊಳ್ಳಲಿಲ್ಲ. ನಾನಾದರೂ ಪ್ರತಿ ಭಾನುವಾರ ಹೋಗಿ ಕೈ ಹಿಡಿದು ಎಬ್ಬಿಸಬೇಕಿತ್ತು ಅನ್ನಿಸುತ್ತದೆ. ಎಬ್ಬಿಸಿದರೂ ಅವರು ಬೆಂಚಿನ ಮೇಲಿನ ಜನರನ್ನು ತೋರಿಸಿ ನನ್ನನ್ನು ಅಟ್ಟುತ್ತಿದ್ದರು ಎಂಬುದೂ ಗೊತ್ತು.

ಮಾಗಡಿ ಕಡೆಯ ಅವರ ಹಳ್ಳಿಗೆ ತಂಗಿಯನ್ನೂ ಕರೆದುಕೊಂಡು ಹೋಗಿದ್ದೆ. ಅವರ ತಮ್ಮನ ಮನೆಯ ಅಂಗಳದಲ್ಲಿ ಶಾಮಿಯಾನದ ಕೆಳಗೆ ಮಲಗಿಸಿದ್ದರು. ಪಕ್ಕದ ದೊಡ್ಡಿಯಲ್ಲಿ ಕುರಿಗಳು ಅರಚುತ್ತಿದ್ದವು. ಕನ್ನಡಕವನ್ನು ತೆಗೆದಿರಲಿಲ್ಲ. ಜಿಲ್ಲೆಯ ಎಲ್ಲ ತಾಲ್ಲೂಕುಗಳಿಂದಲೂ ಜನ ಬಂದಿದ್ದರು. ಗಂಡಸರ ಸಾಲು ಬೀದಿಯ ತುದಿಯವರೆಗೆ ಇತ್ತು. ಮುಂದಿದ್ದ ವಿರೂಪಾಕ್ಷಿಪುರದ ಯಜಮಾನರ ಗುರುತು ಹಿಡಿದೆ. ಹೂವಿನ ಹಾರ ಹಿಡಿದು ಡಾಕ್ಟ್ರಮ್ಮನ ಎದುರಿಗೆ ಬಂದಾಗ ಅವರ ಬೆನ್ನು ತಾನಾಗಿ ನೆಟ್ಟಗಾಯಿತು, ಹೊಟ್ಟೆ ಒಳಗೆ ಹೋಯಿತು. ಅವರ ಹಿಂದಿನವನೂ ಹಾಗೆಯೇ ಮಾಡಿದ. ಅವನ ಹಿಂದೆ, ಮತ್ತೆಂದೂ ಕ್ಲಿನಿಕ್ಕಿನ ಕಡೆ ತಲೆ ಹಾಕದ ಆ ವಕೀಲರೂ ಬಂದಿದ್ದರು. ಅವರೂ ಹಾಗೆಯೇ ನಿಂತರು. ಯಾರಿಗೂ ತಾವು ಮಾಡುತ್ತಿರುವುದು ತಿಳಿದಿರಲಿಲ್ಲ.

ನನ್ನ ಸರದಿ ಬಂತು. ಹಾರ ಹಾಕಿ ನಿಂತೆ. ಎದೆಯಲ್ಲಿ ಉಸಿರು ಕಟ್ಟಿಕೊಂಡು, ಹೊಟ್ಟೆ ಬಿಗಿಹಿಡಿದು, ಎಷ್ಟು ಹೊತ್ತು ನಿಂತಿದ್ದೆನೋ. ಹಿಂದಿನವರು ಕಾಯುತ್ತಿದ್ದರು. ಕೂಗು ಕೇಳಿಸಲಿಲ್ಲ.

ಪಕ್ಕದಲ್ಲಿದ್ದ ತಂಗಿ ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಅಣ್ಣ" ಅಂದಳು, "ಉಸ್ರು ಬುಡಣ್ಣ."

ಬಿಟ್ಟೆ. ಅದರ ಜೊತೆಗೇ ಅಳುವೂ ಬಂತು.